ಯಶೋದಮ್ಮ ಕಳೆದುಹೋದ ಕಥೆ

ಹೆಲಿಕಾಪ್ಟರ್ ಬಂದದ್ದು ಅವತ್ತೇ ಮೊದಲು. ಶುರುವಿನಲ್ಲಿ ಆ ಕಥೆಯೊಳಗೆ ಒಂದು ಪೊಲೀಸ್ ಜೀಪು ಮಾತ್ರ ಇತ್ತು. ಸ್ವಲ್ಪ ದಿನಕ್ಕೆ ಅದು ಎರಡಾಯಿತು. ಹೋದ ವಾರ ನೆಲ ಮೂಸಿಕೊಂಡು ಓಡುವ ನಾಯಿಯೊಂದು ಬಂದು ಸೇರಿಕೊಂಡಿತ್ತು. ಈಗ ಅಡುಗೆಮನೆಯಲ್ಲಿ ಕಾಫಿಗೆ ಹಾಲು ಕಾಯಿಸುತ್ತಿದ್ದ ಯಶೋದಮ್ಮ, ಹಾಲ್‌ನಿಂದ ಗಂಡನ ಬಾಯಲ್ಲಿ ಹೆಲಿಕಾಪ್ಟರ್ ಎಂಬ ಮಾತು ಕೇಳಿ ಸ್ಟೌ ಸಣ್ಣ ಮಾಡಿ ಕಿವಿಗೊಟ್ಟಳು.

"ಮೇಲಿಂದ ಹುಡುಕ್ತಾ ಅವ್ರೆ ಕಣಯ್ಯ! ದಡದಡ ದಡದಡ ಅಂತ ಸದ್ದು. ಈ ಕಡೆ ನೋಡಿದ್ರೆ ಬೆಟ್ಟ, ಆ ಕಡೆ ನೋಡಿದ್ರೆ ಬೆಟ್ಟ, ಮೇಲೆಲ್ಲಾ ಐಸು. ನಮ್ಮ ಮನೆಯೋಳು ಮಾತ್ರ ಪತ್ತೇನೇ ಇಲ್ಲ!"

ಕೇಳುತ್ತಿದ್ದವನು ವೆಂಕಟೇಶ್. ಹೇರೋಹಳ್ಳಿಯ ಅವರ ಮನೆಯ ಕೆಳಗಿನ ಮಳಿಗೆಯಲ್ಲಿ ಬೇಕರಿ ಇಟ್ಟುಕೊಂಡಿದ್ದವನು. ನಲ್ಲಿ ಸೋರುತ್ತಿದೆ ಎಂದು ಹೇಳಲು ಮೇಲೆ ಬಂದು, ನಲ್ಲಿಯ ವಿಷಯ ಮರೆತು ಸೋಫಾದ ತುದಿಗೆ ಕೂತಿದ್ದ.

"ಎಲ್ಲಿ ಸಿಕ್ಕಿದ್ರು ಕೊನೆಗೆ?"

"ಸ್ಟೇಷನ್ನಲ್ಲಿ. ಗೊಳೋ ಅಂತ ಅಳ್ತಾ ಕೂತವ್ಳೆ. ನಾನ್ ಹೋಗಿದ್ದೇ ತಡ, ಓಡಿ ಬಂದು ನನ್ ಕೈ ಹಿಡ್ಕೊಂಡ್ಲು. ಅಲ್ಲಿನ ಇನ್ಸ್‌ಪೆಕ್ಟ್ರು ನನ್ ಹೆಸರು ಹಿಡಿದು ಕರೆದು, ಮಿಸ್ಟರ್ ಮುನಿವೆಂಕಟಪ್ಪ, ನಿಮ್ಮ ಹೆಂಡ್ತೀನ ಹುಷಾರಾಗ್ ನೋಡ್ಕೊಳ್ಳಿ ಅಂದ."

"ಕನ್ನಡದಲ್ಲಾ?"

"ಅವನ ಭಾಷೇಲಿ ಕಣಯ್ಯ. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಯಶೋದಮ್ಮ ಕಾಫಿ ತಂದಿಟ್ಟಳು. ವೆಂಕಟೇಶ್ ಲೋಟ ತೆಗೆದುಕೊಳ್ಳುತ್ತಾ ಅವಳ ಮುಖವನ್ನೇ ನೋಡಿ, "ಬಾಳ ಹೆದರಿಕೆ ಆಗಿರ್ಬೇಕಲ್ವೇನಮ್ಮ?" ಎಂದ. ಆಸ್ಪತ್ರೆಯಲ್ಲಿ ಮಲಗಿದವರನ್ನು ವಿಚಾರಿಸುವ ದನಿ.

"ಕಾಫಿ ಆರೋಗ್ತದೆ, ಕುಡಿಯಪ್ಪ," ಎಂದು ಅವಳು ಒಳಗೆ ಹೋದಳು.

ಅವರಿಬ್ಬರೂ ಯುರೋಪಿನಿಂದ ಬಂದು ಎರಡು ತಿಂಗಳ ಮೇಲಾಗಿತ್ತು. ಟೂರಿಗೆ ಹೋಗುವಂತೆ ಹಟ ಹಿಡಿದವಳು ಸೊಸೆ ರಮ್ಯ. ರಾಜರಾಜೇಶ್ವರಿನಗರದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಅವಳಿಗೆ ಜೊತೆಯವರು ಯಾರೋ ಹೇಳಿದ್ದರಂತೆ: ನಮ್ಮ ಕಡೆಯವರೇ ಬಸ್ಸು ತುಂಬ ಇರುತ್ತಾರೆ, ಅಡುಗೆಯವನೂ ಜೊತೆಗೇ ಬರುತ್ತಾನೆ, ಅನ್ನ ಸಾರಿಗೆ ತೊಂದರೆಯಿಲ್ಲ ಎಂದು. "ತಿರುಪತಿ, ಧರ್ಮಸ್ಥಳ ಬಿಟ್ಟು ಎಲ್ಲಿಗೂ ಹೋಗಿಲ್ಲ ಅತ್ತೆ ನೀವು. ಕೈಕಾಲು ಗಟ್ಟಿ ಇರೋವಾಗ್ಲೇ ಹೋಗ್ಬಿಟ್ಟು ಬನ್ನಿ," ಎಂದು ಅವಳೇ ಸ್ವೆಟರು, ಬೂಟು ಎಲ್ಲ ಕೊಡಿಸಿ, ಸೀರೆಯ ಕೆಳಗೆ ಬೂಟು ಹಾಕಿಕೊಂಡು ನಡೆಯುವುದನ್ನು ಟೆರೇಸಿನ ಮೇಲೆ ಅಭ್ಯಾಸ ಮಾಡಿಸಿ ಕಳಿಸಿದ್ದಳು.

ಊರಿಗೆ ಮರಳಿದ ಮೇಲೆ ಮುನಿವೆಂಕಟಪ್ಪನಿಗೆ ಕೈತುಂಬ ಕೆಲಸ. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ, ಈಗ ಸಿಮೆಂಟಿನ ಸಣ್ಣ ಅಂಗಡಿಯನ್ನೂ ಮಗನಿಗೆ ವಹಿಸಿ ಸುಮ್ಮನೆ ಕೂತಿದ್ದ ಮನುಷ್ಯನಿಗೆ ಹೇಳುವುದಕ್ಕೆ ಏಳು ದೇಶ ಸಿಕ್ಕಿದ್ದವು. ಕ್ಷೌರದಂಗಡಿಯಲ್ಲಿ ಪ್ಯಾರಿಸ್, ಹಾಲಿನ ಡೇರಿಯ ಮುಂದೆ ಸ್ವಿಟ್ಜರ್ಲೆಂಡ್, ದೇವಸ್ಥಾನದ ಜಗಲಿಯಲ್ಲಿ ವೆನಿಸ್. ವೆನಿಸ್ಸಿನಲ್ಲಿ ದೋಣಿ ನಡೆಸುವವನಿಗೆ ತಾನೇ ಹುಟ್ಟು ಹಾಕುವುದು ಹೇಗೆಂದು ತೋರಿಸಿಕೊಟ್ಟೆನೆಂದೂ ಹೇಳಿದ್ದುಂಟು. ಹೇರೋಹಳ್ಳಿ ಕೆರೆಯಲ್ಲಿ ಎಂದೂ ದೋಣಿ ಇರಲಿಲ್ಲ ಎನ್ನುವುದು ಕೇಳಿದವರಿಗೂ ಗೊತ್ತಿತ್ತು. ಆದರೂ ಎಲ್ಲರೂ ಖುಷಿಯಾಗಿ ಕೇಳುತ್ತಿದ್ದರು. ಅವನು ಹೇಳುವ ವೈಖರಿಯೇ ಹಾಗೆ. ಮೂವತ್ತು ವರ್ಷಕ್ಕಿಂತ ಹೆಚ್ಚು ಸಂಸಾರ ಮಾಡಿದ ಯಶೋದಮ್ಮನಿಗೇ ಎಷ್ಟೋ ಸಲ ಒಲೆಯ ಮೇಲಿಟ್ಟದ್ದು ಮರೆತುಹೋಗುತ್ತಿತ್ತು.

ಅವಳ ಮನಸ್ಸಿನಲ್ಲಿ ಉಳಿದಿದ್ದ ಯುರೋಪು ಬೇರೆ. ಪ್ಯಾರಿಸ್ಸಿನ ಆ ಕಬ್ಬಿಣದ ಗೋಪುರಕ್ಕಿಂತ ಅದರ ಕೆಳಗೆ ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಿದ್ದೆ ಹೋಗಿದ್ದ ಮುದುಕ ನೆನಪಿದ್ದ. ಹಾಲೆಂಡಿನಲ್ಲಿ ಬಸ್ಸಿನ ಕಿಟಕಿಯಿಂದ ಕಂಡ ಹಸುಗಳು ಮಳೆ ಬಂದರೂ ಮೇಯುವುದು ಬಿಟ್ಟಿರಲಿಲ್ಲ. ಅಡುಗೆಯ ಭರಮಪ್ಪ ಬಸ್ಸು ನಿಂತ ಕಡೆಯೆಲ್ಲ ಡಿಕ್ಕಿ ತೆಗೆದು ಚಿತ್ರಾನ್ನ ಬಡಿಸುತ್ತಿದ್ದ. ಹಿಮದ ಬೆಟ್ಟದ ಬುಡದಲ್ಲಿ ನಿಂತು ಒಗ್ಗರಣೆಯ ಕಡಲೆಬೀಜ ಕಡಿದದ್ದು ನೆನಪಾದಾಗಲೆಲ್ಲ ಅವಳಿಗೆ ನಗು ಬರುತ್ತಿತ್ತು. ಇನ್ನು ಇನ್ಸ್‌ಬ್ರುಕ್. ಆಸ್ಟ್ರಿಯಾದ ಆ ಊರಿನ ಹೆಸರು ನಾಲಿಗೆಗೆ ಹೊರಳುವುದಕ್ಕೆ ಅವಳಿಗೆ ವಾರ ಹಿಡಿದಿತ್ತು. ಅಲ್ಲಿ ನಡೆದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳೋಣವೆಂದರೆ ಅಷ್ಟರಲ್ಲಿ ಗಂಡ ಜೀಪು ತಂದು ನಿಲ್ಲಿಸಿರುತ್ತಿದ್ದ.

ಹೋಗಲಿ, ಜನ ನಗುತ್ತಾರೆ, ತನ್ನದೇನು ಹೋಯಿತು ಎಂದು ಅವಳೂ ಸುಮ್ಮನಿದ್ದಳು. ಆದರೆ ಕಥೆ ಮನೆಯೊಳಗೂ ಕೆಲಸ ಮಾಡತೊಡಗಿತ್ತು. ಮದುವೆಯಾಗಿ ಬಂದಾಗಿನಿಂದ ಯಶೋದಮ್ಮ ವಾರಕ್ಕೊಮ್ಮೆ ವಿಜಯನಗರದ ಮಾರ್ಕೆಟ್ಟಿಗೆ ಒಬ್ಬಳೇ ಹೋಗಿ ಬರುವವಳು. ಸುಂಕದಕಟ್ಟೆಯಲ್ಲಿ ಬಸ್ಸು ಹತ್ತಿ, ಇಳಿದು, ಸೊಪ್ಪಿನವರನ್ನೆಲ್ಲ ಮಾತಾಡಿಸಿ, ಎರಡು ಚೀಲ ತುಂಬಿಸಿಕೊಂಡು ಮಧ್ಯಾಹ್ನದೊಳಗೆ ಮನೆಗೆ. ಈಚೆಗೆ ಮಗ ಭೈರೇಶ್ ಅದಕ್ಕೆ ಅಡ್ಡ ಬಂದಿದ್ದ.

"ಒಬ್ಳೇ ಬೇಡ ಅಮ್ಮ. ಭಾನುವಾರ ನಾನ್ ಕರ್ಕೊಂಡ್ ಹೋಗ್ತೀನಿ."

"ಯಾಕೋ? ನಂಗೇನ್ ದಾರಿ ಗೊತ್ತಿಲ್ವಾ?"

"ಗೊತ್ತು. ಆದ್ರೂ... ಅಲ್ಲಿ ಆದಂಗೆ ಇಲ್ಲೂ ಆದ್ರೆ?"

ಅವಳ ಪರ್ಸಿಗೆ ಗುಂಡಿಯಷ್ಟು ದೊಡ್ಡದೊಂದು ಬಿಲ್ಲೆಯನ್ನೂ ಅವನು ಸಿಕ್ಕಿಸಿದ್ದ. ಅವಳು ಎಲ್ಲಿದ್ದರೂ ಅವನ ಫೋನಿನಲ್ಲಿ ತೋರಿಸುತ್ತದಂತೆ. ಕರುವಿನ ಕೊರಳಿಗೆ ಗಂಟೆ ಕಟ್ಟಿದ ಹಾಗಾಯಿತು ಎಂದು ಅವಳು ರಮ್ಯಳ ಹತ್ತಿರ ಹೇಳಿದಳು. ರಮ್ಯ ನಕ್ಕಳು. ಆಮೇಲೆ, "ಅವರಿಗೂ ಭಯ ಅತ್ತೆ. ಮಾವ ಹೇಳೋದ್ ಕೇಳಿದ್ರೆ ನಂಗೂ ಒಂಥರಾ ಆಗುತ್ತೆ," ಎಂದಳು.

ಶ್ರಾವಣದಲ್ಲಿ ಕೆಂಗೇರಿ ಉಪನಗರದ ಅಕ್ಕನ ಮನೆಯಲ್ಲಿ ಸೀಮಂತ ಬಂತು. ಅಕ್ಕ ಮುನಿತಾಯಮ್ಮನ ಮಗಳು ಕಲಾಳಿಗೆ ಏಳು ತಿಂಗಳು ತುಂಬಿತ್ತು. ಟೆರೇಸಿನ ಮೇಲೆ ಶಾಮಿಯಾನ ಹಾಕಿ, ಹೂವಿನ ಜಡೆ, ಹಸಿರು ಸೀರೆ, ಎರಡೂ ಕೈತುಂಬ ಗಾಜಿನ ಬಳೆ ತೊಡಿಸಿ ಕಲಾಳನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಮಡಿಲು ತುಂಬಿದ್ದಾಯಿತು, ಆರತಿಯಾಯಿತು, ಊಟವೂ ಮುಗಿಯಿತು. ಹೊಟ್ಟೆ ತುಂಬಿದ ಹೆಂಗಸರು ಚಾಪೆಯ ಮೇಲೆ ಎಲೆ ಅಡಿಕೆ ಹರಡಿಕೊಂಡು ಕೂತರು. ಗಂಡಸರು ಪ್ಲಾಸ್ಟಿಕ್ ಕುರ್ಚಿಗಳನ್ನು ನೆರಳಿಗೆ ಎಳೆದುಕೊಂಡರು. ಯಾರೋ, "ಮುನಿವೆಂಕಟಪ್ಪಣ್ಣ, ಎಲ್ಲಿ, ಆ ಫಾರಿನ್ ಕಥೆ ಒಂದ್ಸಲ ಆಗ್ಲಿ," ಎಂದರು.

ಇನ್ನೊಂದು ಸಲ ಕರೆಯುವುದು ಬೇಕಿರಲಿಲ್ಲ. ಮುನಿವೆಂಕಟಪ್ಪ ಪಂಚೆ ಸರಿಮಾಡಿಕೊಂಡು ಕುರ್ಚಿಯನ್ನು ಮಧ್ಯಕ್ಕೆ ತಂದ. ಇನ್ಸ್‌ಬ್ರುಕ್ಕಿನಲ್ಲಿ ಚಿನ್ನದ ಹೆಂಚು ಹೊದಿಸಿದ ಮಾಡಿನ ಮನೆ ನೋಡುತ್ತಾ ನಿಂತದ್ದು, ಹಿಂದೆ ತಿರುಗಿದರೆ ಹೆಂಡತಿ ಇಲ್ಲದ್ದು, ಟೂರ್ ಮ್ಯಾನೇಜರು ದರ್ಶನ್ ದಿಕ್ಕಿಗೊಬ್ಬರನ್ನು ಓಡಿಸಿದ್ದು. ಜೀಪು ಬಂತು. ನಾಯಿ ಬಂತು. ಹೆಲಿಕಾಪ್ಟರ್ ಬಂದಾಗ ಕುರ್ಚಿಗಳೆಲ್ಲ ಒಂದಡಿ ಮುಂದಕ್ಕೆ ಸರಿದವು. ಅಕ್ಕನ ಮನೆಯ ಮರ್ಯಾದೆಗೋ ಏನೋ, ಅವತ್ತು ಹೊಳೆಯಲ್ಲಿ ಹುಡುಕಲು ಒಂದು ದೋಣಿಯನ್ನೂ ಇಳಿಸಿದ.

"ಸ್ಟೇಷನ್ ಒಳಗೆ ಕಾಲಿಡ್ತೀನಿ, ಮೂಲೇಲಿ ಕೂತವ್ಳೆ. ಅಳು ಅಂದ್ರೆ ಅಂಥಿಂಥ ಅಳು ಅಲ್ಲ..."

ಆಗ ಹಿಂದಿನಿಂದ ಬಿಕ್ಕಿದ ಸದ್ದು ಕೇಳಿತು. ಕಲಾ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ಬಳೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು.

"ಏನಾಯ್ತೇ?" ಎಂದು ಮುನಿತಾಯಮ್ಮ ಗಾಬರಿಯಿಂದ ಎದ್ದಳು.

"ಏನಿಲ್ಲಮ್ಮ. ಚಿಕ್ಕಮ್ಮ ಪಾಪ, ಭಾಷೆ ಬರದಿರೋ ಊರಲ್ಲಿ ಒಬ್ರೇ ಕೂತ್ಕೊಂಡು ಅಳ್ತಿದ್ರು ಅಂದ್ರೆ..." ಕಲಾ ಮೂಗೆಳೆದುಕೊಂಡಳು. "ಅಷ್ಟೊಂದು ಅತ್ರಾ ಚಿಕ್ಕಮ್ಮ?"

ಯಶೋದಮ್ಮ ಬಾಯಲ್ಲಿದ್ದ ಎಲೆಯನ್ನು ಒಂದು ಕೆನ್ನೆಗೆ ಸರಿಸಿದಳು. ತುಂಬಿದ ಬಸುರಿ, ಇಲ್ಲದ ಹೆಲಿಕಾಪ್ಟರಿಗಾಗಿ ಅಳುತ್ತಿದ್ದಾಳೆ. ಇನ್ನೂ ಸುಮ್ಮನಿದ್ದರೆ ಹೇಗೆ?

"ಇಲ್ಲ ಕಣಮ್ಮ," ಎಂದಳು. "ನಾನೆಲ್ಲಿ ಅಳ್ತಿದ್ದೆ? ನಾನು ಬಟಾಣಿ ಬಿಡಿಸ್ತಾ ಕೂತಿದ್ದೆ."

ಮುನಿವೆಂಕಟಪ್ಪ ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದ.

"ಬಟಾಣಿನಾ?" ಎಂದಳು ಕಲಾ.

"ಹೂಂ, ಬಟಾಣಿ. ಹಸಿ ಬಟಾಣಿ."

ಹಾಗೆ ಹೇಳಿದ ಮೇಲೆ ಬಿಡುವವರು ಯಾರು? ಹೆಂಗಸರೆಲ್ಲ ಚಾಪೆಯ ಸಮೇತ ಅವಳ ಕಡೆ ತಿರುಗಿದರು. ಯಶೋದಮ್ಮನಿಗೆ ಹತ್ತು ಜನರ ಮುಂದೆ ಮಾತಾಡಿ ರೂಢಿಯಿಲ್ಲ. ಮೊದಲು ಅಕ್ಕನನ್ನು ನೋಡಿಕೊಂಡು ಶುರು ಮಾಡಿದಳು. ಅಕ್ಕನಿಗೆ ಹೇಳಿದರೆ ಅರ್ಥವಾಗುತ್ತದೆ ಎನ್ನಿಸಿತು.

"ಊಟ ಆದ್ಮೇಲೆ ಆ ಚಿನ್ನದ ಮಾಡು ತೋರಿಸಿ, ಫೋಟೋ ಹೊಡ್ಕೊಳ್ಳಿ ಅಂತ ಬಿಟ್ರು. ಇವ್ರು ತುಮಕೂರಿನೋರು ಯಾರ ಜೊತೇಲೋ ಮಾತಿಗೆ ನಿಂತ್ರು. ಫೋಟೋ ತೆಗೀಬೇಕು ಅಂತ ನನ್ ಫೋನೂ ಇವ್ರ ಹತ್ರಾನೇ. ಪಕ್ಕದ ಓಣಿಯಿಂದ ನೀರಿನ ಸದ್ದು ಬತ್ತಿತ್ತು ಅಕ್ಕ. ಹೋಗಿ ನೋಡ್ತೀನಿ, ಹೊಳೆ! ಊರ ನಟ್ಟನಡುವೆ! ಹಾಲು ಬೆರೆಸಿದಂಗೆ ಹಸಿರು ಬಣ್ಣ, ಎಂಥಾ ಸೆಳವು ಅಂತೀಯ. ಒಂದು ಕಾಗದದ ಚೂರು ಇಲ್ಲ. ನಾವು ಚಿಕ್ಕವರಿದ್ದಾಗ ವೃಷಭಾವತಿಲಿ ಬಟ್ಟೆ ಒಗೀತಿದ್ವಲ್ಲ..."

"ಕಲ್ಲಿನ ಮೇಲೆ ಕೂತ್ರೆ ಮೀನು ಕಾಲು ಕಚ್ಚೋವು," ಎಂದಳು ಮುನಿತಾಯಮ್ಮ ತಟ್ಟನೆ.

"ಅದೇ! ಅದೇ ನೆನಪಾಯ್ತು. ನೋಡ್ತಾ ನಿಂತ್ಬಿಟ್ಟೆ."

ಎಷ್ಟು ಹೊತ್ತು ನಿಂತಳೋ ಅವಳಿಗೇ ಗೊತ್ತಿಲ್ಲ. ತಿರುಗಿ ಬಂದರೆ ಚಿನ್ನದ ಮಾಡಿನ ಮುಂದೆ ಬೇರೆ ಜನ, ಬೇರೆ ಟೂರಿನವರು. ಒಂದು ಓಣಿಗೆ ನುಗ್ಗಿದಳು, ಇನ್ನೊಂದರಲ್ಲಿ ಹೊರಬಂದಳು, ಎಲ್ಲ ಮನೆಗಳೂ ಒಂದೇ ಥರ. ಆಗ ತಲೆಗೆ ಹೊಳೆದದ್ದು, ಸಂತೆಗೆ ಕರೆದುಕೊಂಡು ಹೋಗುವಾಗ ಭೈರೇಶನಿಗೆ ತಾನೇ ಹೇಳುತ್ತಿದ್ದ ಮಾತು: ಕೈ ಬಿಟ್ಟುಹೋದರೆ ಓಡಾಡಬೇಡ, ಒಂದು ಕಡೆ ನಿಂತಿರು, ನಾನೇ ಬರುತ್ತೇನೆ. ಅವಳಿಗೆ ಆ ಊರಲ್ಲಿ ಗೊತ್ತಿದ್ದದ್ದು ಹೊಳೆ ಒಂದೇ. ಹೊಳೆಯ ದಡಕ್ಕೇ ವಾಪಸು ಹೋದಳು.

ದಡದಲ್ಲೇ ತರಕಾರಿ ಮಾರ್ಕೆಟ್ಟು. ದೊಡ್ಡ ಮಾಡಿನ ಕೆಳಗೆ ಸಾಲು ಅಂಗಡಿ, ಹೊರಗೂ ನಾಲ್ಕಾರು. ಒಂದರ ಮುಂದೆ ಅವಳ ವಾರಿಗೆಯ ಹೆಂಗಸೊಬ್ಬಳು, ಕೆಂಪು ಕೆನ್ನೆ, ಮೊಣಕೈವರೆಗೆ ಮಡಿಸಿದ ತೋಳು, ಸ್ಟೂಲಿನ ಮೇಲೆ ಕೂತು ತೊಡೆಯ ಮೇಲೆ ಬೋಗುಣಿಯಿಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದಳು. ಯಶೋದಮ್ಮ ನೋಡಿದಳು. ಅವಳೂ ನೋಡಿದಳು. ಸೀರೆ, ಸ್ವೆಟರು, ಬೂಟು, ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿ ಏನೋ ಕೇಳಿದಳು.

"ಏನ್ ಕೇಳಿದ್ಲು?" ಕುರ್ಚಿಯ ಸಾಲಿನಿಂದ ಯಾರದೋ ದನಿ.

"ನಂಗೇನ್ ಗೊತ್ತು? ನಾನೂ ನಮ್ಮ ಮಾತಲ್ಲೇ ಹೇಳ್ದೆ. ನಮ್ಮೋರು ಬರೋಗಂಟ ಇಲ್ಲೇ ಕೂತಿರ್ತೀನಿ ಕಣವ್ವ, ಕಾಲು ಬಿದ್ದೋಗ್ತವೆ ಅಂತ. ಪಕ್ಕದಲ್ಲಿದ್ದ ಡಬ್ಬಿ ಬೋರಲು ಹಾಕಿ, ಕೂತ್ಕೋ ಅಂತ ತಟ್ಟಿ ತೋರಿಸಿದ್ಲು."

ಜನ ನಕ್ಕರು. ಆ ನಗು ಕೇಳಿ ಯಶೋದಮ್ಮನಿಗೆ ಧೈರ್ಯ ಬಂತು. ಬಾಯಲ್ಲಿದ್ದ ಎಲೆಯನ್ನು ಉಗಿದು ಬಂದು ಸರಿಯಾಗಿ ಕಾಲು ಮಡಿಸಿ ಕೂತಳು.

ಕೈ ಸುಮ್ಮನಿಟ್ಟುಕೊಂಡು ಕೂರುವುದು ಅವಳಿಂದ ಆಗುವ ಕೆಲಸವಲ್ಲ. ಬುಟ್ಟಿಗೆ ಕೈ ಹಾಕಿ ಒಂದು ಬೊಗಸೆ ಕಾಯಿ ತೆಗೆದುಕೊಂಡಳು. ಆ ಹೆಂಗಸು ಬೇಡವೆನ್ನಲಿಲ್ಲ. ಬೋಗುಣಿಯನ್ನು ಇಬ್ಬರ ಮಧ್ಯೆ ಇಟ್ಟಳು. ಅವರೆಕಾಯಿ ಕಾಲದಲ್ಲಿ ಮೂಟೆ ಮೂಟೆ ಬಿಡಿಸಿದ ಬೆರಳುಗಳು. ಇಬ್ಬರೂ ಸಮಸಮವಾಗಿ ಬಿಡಿಸಿದರು. ಸ್ವಲ್ಪ ಹೊತ್ತಿಗೆ ಆ ಹೆಂಗಸು ಎದೆ ಮುಟ್ಟಿಕೊಂಡು ಹೆಸರು ಹೇಳಿದಳು. ವ್ರೋಣಿಯೋ, ರೋಣಿಯೋ, ಯಶೋದಮ್ಮನಿಗೆ ಕೇಳಿದ್ದು ರೋಹಿಣಿ. "ರೋಹಿಣಿ?" ಎಂದು ಕೇಳಿದಾಗ ಅವಳು ಜೋರಾಗಿ ತಲೆಯಾಡಿಸಿದಳು. ರೋಹಿಣಿಗೆ ಯಶೋದ ಎನ್ನಲು ಬರಲಿಲ್ಲ, ಜೋಸೆಫಾ ಎಂದಳು. ಅದೂ ನಡೆಯುತ್ತದೆ ಎಂದು ಇವಳೂ ತಲೆಯಾಡಿಸಿದಳು.

"ಹಂಗೇ ಮಾತಾಡ್ತಾನೇ ಇದ್ವಿ ಅಕ್ಕ. ಅವಳು ಅವಳ ಮಾತಲ್ಲಿ, ನಾನು ನನ್ ಮಾತಲ್ಲಿ. ಅವಳಿಗೆ ಮಂಡಿ ನೋವಂತೆ, ಮುಟ್ಟಿ ತೋರಿಸಿದ್ಲು. ನಾನು ನನ್ ಮಂಡಿ ಮುಟ್ಟಿ ತೋರಿಸ್ದೆ. ಇಬ್ರಿಗೂ ಎಡಗಡೇದೇ! ಬ್ರೆಡ್ಡಿಗೆ ಬೆಣ್ಣೆ ಬಳಿದು, ಮೇಲೆ ಈರುಳ್ಳಿ ಸೊಪ್ಪು ಹಾಕಿ ಕೊಟ್ಲು. ನಡುನಡುವೆ ಒಂದು ಹಾಡು ಹೇಳ್ಕೊಳ್ತಿದ್ಲು. ಎದುರಿಗೆ ಹೊಳೆ, ಹೊಳೆ ಆಚೆ ಬಣ್ಣ ಬಣ್ಣದ ಮನೆ, ಅದರ ಮೇಲೆ ಹಿಮದ ಬೆಟ್ಟ. ನಂಗೆ..."

ಯಶೋದಮ್ಮ ತಡೆದಳು. ಸರಿಯಾದ ಮಾತು ಸಿಗಲಿಲ್ಲ. ಆ ಮಧ್ಯಾಹ್ನ ಅವಳು ಯಾರ ಹಿಂದೆಯೂ ನಡೆಯುತ್ತಿರಲಿಲ್ಲ, ಯಾರೂ ಅವಳನ್ನು ಬೇಗ ಬೇಗ ಎನ್ನುತ್ತಿರಲಿಲ್ಲ. ಬಿಸಿಲು ಬೋಗುಣಿಯ ಅಂಚಿಗೆ ಬಂದು, ದಾಟಿ, ಅವಳ ಬೂಟಿನ ಮೇಲೆ ಹೋಗಿತ್ತು.

"ನಂಗೆ ಚೆನ್ನಾಗಿತ್ತು," ಎಂದಳು ಕೊನೆಗೆ.

"ಮತ್ತೆ ವಾಪಸ್ ಹೆಂಗ್ ಬಂದ್ರಿ ಚಿಕ್ಕಮ್ಮ?" ಕಲಾಳ ಕಣ್ಣೀರು ಯಾವಾಗಲೋ ಒಣಗಿತ್ತು.

ಅಂಗಡಿ ಎತ್ತುವ ಹೊತ್ತಾದಾಗ ರೋಹಿಣಿಗೆ ಯೋಚನೆ ಹತ್ತಿತು. ಕೈಸನ್ನೆ ಮಾಡಿ ಕೇಳಿದಳು, ಫೋನು ಕಿವಿಗಿಟ್ಟು ಕೇಳಿದಳು. ಯಶೋದಮ್ಮನಿಗೆ ಒಂದು ನಂಬರೂ ನೆನಪಿಲ್ಲ. ಆಗ ಅವಳ ಕಣ್ಣು ತರಕಾರಿ ದರ ಬರೆಯುವ ಕರಿ ಹಲಗೆಯ ಮೇಲೆ ಬಿತ್ತು. ಅವರ ಬಸ್ಸಿನ ಹಿಂದುಗಡೆ ದೊಡ್ಡದೊಂದು ನವಿಲಿನ ಚಿತ್ರ ಅಂಟಿಸಿದ್ದರು. ಸೀಮೆಸುಣ್ಣ ಕೇಳಿ ತೆಗೆದುಕೊಂಡು, ಮನೆ ಮುಂದೆ ಹಬ್ಬಕ್ಕೆ ಬಿಡುವ ಹಾಗೆಯೇ ಒಂದು ನವಿಲು ಬಿಟ್ಟಳು. ಅದರ ಸುತ್ತ ಒಂದು ಚೌಕ, ಚೌಕಕ್ಕೆ ಗಾಲಿ. ರೋಹಿಣಿ ಕಣ್ಣು ಅಗಲಿಸಿ ಅಕ್ಕಪಕ್ಕದವರನ್ನೆಲ್ಲ ಕೂಗಿದಳು. ಮೀನು ಮಾರುವವನೊಬ್ಬ ನೋಡಿದ್ದೇ ಸೇತುವೆಯ ಕಡೆ ಕೈ ತೋರಿಸಿದ. ಆ ನವಿಲನ್ನು ಅವನು ಬೆಳಿಗ್ಗೆಯೇ ಕಂಡಿದ್ದ.

"ಅವಳೇ ವ್ಯಾನಲ್ಲಿ ಕೂರಿಸ್ಕೊಂಡು ಬಸ್ಸಿನ ಹತ್ರ ಬಿಟ್ಲು. ಬಿಡಿಸಿದ ಬಟಾಣಿ ಒಂದು ಚೀಲ ತುಂಬಾ ಕೊಟ್ಲು. ಬಸ್ಸಲ್ಲಿ ಎಲ್ರೂ ಮುಖ ಗಂಟು ಹಾಕ್ಕೊಂಡಿದ್ರು, ನನ್ನಿಂದ ಲೇಟಾಯ್ತು ಅಂತ. ಮಾರನೇ ದಿನ ಭರಮಪ್ಪ ಆ ಬಟಾಣೀಲಿ ಬಾತು ಮಾಡ್ದ. ಬೈಕೊಂಡೋರೆಲ್ಲ ಎರಡೆರಡು ಸಲ ಬಡಿಸ್ಕೊಂಡ್ರು."

ಟೆರೇಸು ನಗುವಿನಲ್ಲಿ ಮುಳುಗಿತು. ಮುನಿತಾಯಮ್ಮ ತಂಗಿಯ ಬೆನ್ನಿಗೊಂದು ಗುದ್ದಿದಳು. "ಹೆಲಿಕಾಪ್ಟ್ರೂ ಇಲ್ಲ, ನಾಯೀನೂ ಇಲ್ಲ! ಅಲ್ವೇ, ನೀನ್ ಅಲ್ಲಿ ಬಟಾಣಿ ಬಿಡಿಸ್ತಾ ಕೂತಿದ್ರೆ ನಿನ್ ಯಜಮಾನ್ರು ಆ ಕಡೆ ಏನ್ ಮಾಡ್ತಿದ್ರು?"

"ಹೌದೌದು, ಅದು ಹೇಳಿ! ಯಜಮಾನ್ರು ಏನ್ ಮಾಡ್ತಿದ್ರು?" ಎಂದು ನಾಲ್ಕು ಕಡೆಯಿಂದ ದನಿ ಬಂತು.

ಯಶೋದಮ್ಮ ಗಂಡನ ಕಡೆ ನೋಡಿದಳು. ಅವನು ಬಾಳೆಹಣ್ಣಿನ ಸಿಪ್ಪೆಯನ್ನು ಎಳೆ ಎಳೆಯಾಗಿ ಸೀಳುತ್ತಾ ನೆಲ ನೋಡುತ್ತಿದ್ದ.

ಅವನು ಏನು ಮಾಡುತ್ತಿದ್ದ ಎಂಬುದು ಅವಳಿಗೆ ಗೊತ್ತಿತ್ತು. ವ್ಯಾನು ಸೇತುವೆ ಇಳಿದಾಗಲೇ ಕಂಡಿದ್ದಳು. ಬಸ್ಸಿನ ಮೆಟ್ಟಿಲ ಮೇಲೆ ಕೂತು, ಅವಳ ಕೈಚೀಲವನ್ನೂ ಶಾಲನ್ನೂ ಮಡಿಲಲ್ಲಿ ಅವುಚಿಕೊಂಡು, ಸುತ್ತ ಅಷ್ಟು ಜನ ನಿಂತಿದ್ದರೂ ಲೆಕ್ಕಿಸದೆ, ಸಣ್ಣ ಮಗುವಿನ ಹಾಗೆ ಬಾಯಿ ತೆರೆದು ಅಳುತ್ತಿದ್ದ. ದರ್ಶನ್ ನೀರಿನ ಬಾಟಲಿ ಹಿಡಿದು ನಿಂತಿದ್ದ. ತನ್ನ ಅವ್ವ ಸತ್ತಾಗಲೂ ಅವನು ಹಾಗೆ ಅತ್ತದ್ದನ್ನು ಅವಳು ಕಂಡಿರಲಿಲ್ಲ. ಇವಳು ವ್ಯಾನಿನಿಂದ ಇಳಿಯುತ್ತಲೇ ಮುಖ ಒರೆಸಿಕೊಂಡು, "ಎಲ್ಲಿ ಹಾಳಾಗ್ ಹೋಗಿದ್ದೆ?" ಎಂದು ಗದರಿದ. ಬಸ್ಸು ಹತ್ತಿದ ಮೇಲೆ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ. ಆದರೆ ಇಟಲಿ ಬರುವ ತನಕ ಅವಳ ಸೆರಗಿನ ತುದಿ ಅವನ ಮುಷ್ಟಿಯಲ್ಲೇ ಇತ್ತು. ಆ ಬಸ್ಸಿನಲ್ಲಿ ಹೇರೋಹಳ್ಳಿಯವರು ಯಾರೂ ಇರಲಿಲ್ಲ.

"ಹೇಳೇ!" ಎಂದಳು ಮುನಿತಾಯಮ್ಮ.

"ಅದು ನಂಗೆ ಗೊತ್ತಿಲ್ಲಕ್ಕ. ನಾನ್ ಅಲ್ಲಿ ಇರ್ಲಿಲ್ವಲ್ಲ," ಎಂದಳು ಯಶೋದಮ್ಮ. "ಅವ್ರನ್ನೇ ಕೇಳು."

ಎಲ್ಲರೂ ಮುನಿವೆಂಕಟಪ್ಪನ ಕಡೆ ತಿರುಗಿದರು. ಯಾವ ಜೀಪು ಬರುತ್ತದೋ ಎಂದು ಕಾದರು. ಅವನು ತಲೆಯೆತ್ತಿ ಮೊದಲು ಹೆಂಡತಿಯನ್ನು ನೋಡಿದ. ಹಣ್ಣಿನ ಸಿಪ್ಪೆಯನ್ನು ಕುರ್ಚಿಯ ಕೆಳಗೆ ಹಾಕಿದ.

"ಅಳ್ತಾ ಕೂತಿದ್ದೆ," ಎಂದ.

ನಗು ಸಿಡಿಯಿತು. ಹಿಂದಿನ ನಗುವೆಲ್ಲ ಇದರ ಮುಂದೆ ಏನೂ ಅಲ್ಲ. "ಮುನಿವೆಂಕಟಪ್ಪಣ್ಣ ಅಳೋದಾ! ಇದು ಹೆಲಿಕಾಪ್ಟರಿಗಿಂತ ದೊಡ್ಡದಾಯ್ತು!" ಎಂದು ಒಬ್ಬ ತೊಡೆ ತಟ್ಟಿಕೊಂಡ. ಇನ್ನೊಬ್ಬ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಕಲಾ ಹೊಟ್ಟೆ ಹಿಡಿದುಕೊಂಡು, "ಚಿಕ್ಕಪ್ಪ, ಸಾಕು, ನಗಿಸ್ಬೇಡಿ, ನೋವಾಗುತ್ತೆ," ಎಂದಳು. ಮುನಿವೆಂಕಟಪ್ಪನೂ ಅವರ ಜೊತೆ ನಕ್ಕ. ಅವನ ಕಿವಿಗಳೆರಡೂ ಕೆಂಪಾಗಿದ್ದವು. ಯಶೋದಮ್ಮ ನಗಲಿಲ್ಲ. ಅವಳು ಎದ್ದು ಒಂದು ಲೋಟ ಮಜ್ಜಿಗೆ ತಂದು ಅವನ ಕೈಗೆ ಕೊಟ್ಟಳು.

ಹೊರಡುವಾಗ ಮೆಟ್ಟಿಲ ಹತ್ತಿರ ಭೈರೇಶ್ ತಾಯಿಯ ಪಕ್ಕ ಬಂದು ನಿಂತ. ಅವನೂ ರಮ್ಯಳೂ ಕಾರಿನಲ್ಲಿ ಬಂದಿದ್ದರು, ಅಪ್ಪ ಅಮ್ಮ ಸ್ಕೂಟರಿನಲ್ಲಿ.

"ಅಮ್ಮ, ಮಾರ್ಕೆಟ್‌ಗೆ ಹೋದ್ರೆ ಎಳೇ ಹುರುಳಿಕಾಯಿ ತಗೊಂಡ್ ಬಾ. ನಾನ್ ತಂದ್ರೆ ನಾರು ನಾರು ಅಂತೀಯ."

"ಯಾಕೆ, ನೀನ್ ಬರಲ್ವಾ ಕಾವಲಿಗೆ?"

"ಬೇಡ ಬಿಡು," ಎಂದು ಅವನು ಬೂಟಿನ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದ. ಹಿಂದಿನಿಂದ ರಮ್ಯ ಅತ್ತೆಯ ಪರ್ಸು ತೆಗೆದುಕೊಂಡು, ಉಗುರಿನಿಂದ ಬಿಲ್ಲೆ ಎಬ್ಬಿಸಿ, ಗಂಡನ ಜೇಬಿಗೆ ಹಾಕಿದಳು. "ಕಾರ್ ಕೀಗೆ ಹಾಕ್ಕೊಳ್ಳಿ. ದಿನಾ ಹುಡುಕೋರು ನೀವು," ಎಂದಳು.

ಉಲ್ಲಾಳದ ರಸ್ತೆಯಲ್ಲಿ ಸಂಜೆಯ ಟ್ರಾಫಿಕ್ಕು. ಮುನಿವೆಂಕಟಪ್ಪ ಯಾರಿಗೂ ಹಾರ್ನು ಹೊಡೆಯದೆ ನಿಧಾನಕ್ಕೆ ಸ್ಕೂಟರ್ ಓಡಿಸಿದ. ಬೇಜಾರಾಯಿತೇನೋ ಎಂದು ಯಶೋದಮ್ಮ ಎರಡು ಸಲ ಕೇಳಬೇಕೆಂದುಕೊಂಡು ಬಿಟ್ಟಳು. ಕೆರೆಯ ಹತ್ತಿರ ಅವನು ಇದ್ದಕ್ಕಿದ್ದ ಹಾಗೆ ಸ್ಕೂಟರನ್ನು ಪಕ್ಕಕ್ಕೆ ತೆಗೆದ. ಫುಟ್‌ಪಾತಿನಲ್ಲಿ ತಳ್ಳುಗಾಡಿಯವಳು ಕೆಂಡದ ಮೇಲೆ ಜೋಳ ಸುಡುತ್ತಿದ್ದಳು.

"ಯಾಕ್ ನಿಲ್ಸಿದ್ರಿ?"

"ಜೋಳ ತಿನ್ನಾನ."

"ಅಷ್ಟು ಊಟ ಮಾಡಿ?"

ಅವನು ಎರಡು ಎಳೆಯ ತೆನೆ ಆರಿಸಿ ಕೊಟ್ಟ. ತಳ್ಳುಗಾಡಿಯವಳು ಬೀಸಣಿಗೆ ಬೀಸಿದಾಗಲೆಲ್ಲ ಕಿಡಿಗಳು ಚಟಚಟನೆ ಎದ್ದು ಆರುತ್ತಿದ್ದವು. ಸುಟ್ಟ ತೆನೆ ಕೈಗೆ ಬಂದಾಗ ನಿಂಬೆಹೋಳನ್ನು ಉಪ್ಪುಖಾರಕ್ಕೆ ಅದ್ದಿ, ಮೊದಲು ಅವಳ ತೆನೆಗೆ ತಾನೇ ಉಜ್ಜತೊಡಗಿದ. ತೆನೆಯ ಕಡೆಗೇ ನೋಡುತ್ತಾ ಕೇಳಿದ:

"ಆ ರೋಹಿಣಿ ಹಾಡು ಹೇಳ್ತಿದ್ಲು ಅಂದ್ಯಲ್ಲ. ಎಂಥಾ ಹಾಡು?"

ಯಶೋದಮ್ಮ ಅವನನ್ನೇ ನೋಡಿದಳು. ಕ್ಷೌರದಂಗಡಿಯಲ್ಲಿ, ಡೇರಿಯಲ್ಲಿ, ಬೇಕರಿಯಲ್ಲಿ ಅವನು ಆ ಕಥೆ ಎಷ್ಟು ಸಲ ಹೇಳಿದ್ದನೋ. ಕೇಳಿದ್ದು ಮಾತ್ರ ಇದೇ ಮೊದಲು.

"ಪದ ಗೊತ್ತಿಲ್ಲ. ರಾಗ ಒಂಚೂರು ನೆನಪೈತೆ."

"ಹೇಳು ನೋಡಾನ."

"ಇಲ್ಲಿ, ರೋಡಲ್ಲಾ?"

"ಯಾರ್ ಕೇಳ್ತಾರೆ?"

ಬಸ್ಸೊಂದು ಹಾರ್ನು ಬಾರಿಸಿಕೊಂಡು ಹೋಯಿತು. ಅದು ದೂರವಾಗುವ ತನಕ ಕಾದು, ಅವಳು ಸ್ಕೂಟರಿಗೆ ಒರಗಿ, ಬಾಯಿ ಮುಚ್ಚಿಕೊಂಡೇ ಸಣ್ಣಗೆ ಗುನುಗಿದಳು. ಎರಡು ಸಾಲಿನಷ್ಟು ಮೇಲೆ ಹೋಗಿ, ಒಂದು ಕಡೆ ತಿರುಗಿ, ಮತ್ತೆ ಕೆಳಗಿಳಿಯುವ ರಾಗ. ಬೀಸಣಿಗೆ ಬೀಸುತ್ತಿದ್ದವಳು ಕೈ ನಿಧಾನ ಮಾಡಿದಳು. ಮುನಿವೆಂಕಟಪ್ಪ ಒಂದು ಕೈಯಲ್ಲಿ ತೆನೆ, ಇನ್ನೊಂದರಲ್ಲಿ ನಿಂಬೆಹೋಳು ಹಿಡಿದು ತಲೆ ಓರೆಮಾಡಿ ನಿಂತಿದ್ದ. ನಿಂಬೆಯ ರಸ ಅವನ ಮಣಿಕಟ್ಟಿನ ಮೇಲೆ ಹರಿದು ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು.